ಒತ್ತಿ ಓದಿದ ಪತ್ರ

ನಲವತ್ತು ವರ್ಷ ರೊಟ್ಟಿ ತಟ್ಟಿ ಬಾಳಿದ ಹೊನ್ನವ್ವನ ಕಣ್ಣು ಹೋದವು. ಮಗಳು ಶಾರವ್ವ, ಉಬ್ಬು ಚುಕ್ಕಿಗಳನ್ನು ಬೆರಳಿಂದ ಸವರಿ ಓದುವ ಬ್ರೈಲ್ ಲಿಪಿ ಕಲಿತು ಬಂದು ಮನೆಯಲ್ಲೇ ತಾಯಿಗೆ ಪಾಠ ಹೇಳಿದಳು. ಅಕ್ಷರಗಳು ಬಾಯಿಪಾಠವಾದವು, ಬೆರಳಿಗೆ ಮಾತ್ರ ಹತ್ತಲಿಲ್ಲ. ಅಷ್ಟರಲ್ಲಿ ಮಗಳೇ ಕಾಯಿಲೆ ಬಿದ್ದಳು. ಸಾಯುವ ಮುನ್ನ ದಪ್ಪ ಕಾಗದದ ಮೇಲೆ ಚುಕ್ಕಿಚುಕ್ಕಿಯಾಗಿ ಪತ್ರ ಚುಚ್ಚಿಟ್ಟು, "ಯವ್ವಾ, ಇದನ್ನ ನೀನಾ ಓದು. ಯಾರ ಕಡೆನೂ ಓದಿಸಬ್ಯಾಡ" ಎಂದಳು.

ಹೊನ್ನವ್ವ ದಿನವೂ ಪತ್ರ ಹಿಡಿದು ಕೂತಳು. ಜಡ್ಡುಗಟ್ಟಿದ ಅವಳ ತೋರುಬೆರಳು ಏನೂ ತಿಳಿಯದೆ ಬಲವಾಗಿ ಒತ್ತಿತು.

"ಒತ್ತಬೇಡ, ಸವರು," ಎಂದಿತು ಕಾಗದ. "ನನ್ನ ದನಿ ಬಹಳ ಮೆಲ್ಲಗಿನದು."

"ಒತ್ತದೆ ರೊಟ್ಟಿ ಅಗಲವಾದೀತೆ? ನನಗೆ ಕೆಲಸ ಕಲಿಸಬೇಡ," ಎಂದಿತು ಬೆರಳು.

"ನಾನು ಹಿಟ್ಟಲ್ಲ. ಒಮ್ಮೆ ಚಪ್ಪಟೆಯಾದರೆ ಮತ್ತೆ ಏಳಲಾರೆ."

ಬೆರಳು ಕೇಳಲಿಲ್ಲ. ತಿಂಗಳುಗಟ್ಟಲೆ ಒತ್ತುತ್ತಲೇ ಹೋಯಿತು.

ಒಂದು ಮಧ್ಯಾಹ್ನ ಅದು ದಣಿದು, ಭಾರ ಹಾಕದೆ, ತಾನು ಅಷ್ಟಾಗಿ ಒತ್ತದಿದ್ದ ಕಾಗದದ ಮೇಲಂಚಿನಲ್ಲಿ ಸುಮ್ಮನೆ ಹರಿದಾಡಿತು. ಮೊದಲ ಸಲ ಅಕ್ಷರಗಳು ತಿಳಿದವು. ಹೊನ್ನವ್ವ ಗಟ್ಟಿಯಾಗಿ ಓದಿದಳು: "ನಿನಗೊಂದು ಮಾತು ಹೇಳಬೇಕಿತ್ತು."

"ಮುಂದೆ? ಮುಂದೇನು, ಹೇಳು!" ಎಂದು ಬೆರಳು ಬೇಡಿಕೊಂಡಿತು.

ಬೆರಳು ಮೆಲ್ಲಗೆ ಕೆಳಕ್ಕೆ ಸವರುತ್ತ ಹೋಯಿತು. ಕೆಳಗಿನ ಸಾಲುಗಳೆಲ್ಲ ನುಣ್ಣಗಾಗಿದ್ದವು.