ಕೆಂಪುಗುಡ್ಡದ ಇಗರ್ಜಿ

"ಕೇಳಿರಿ, ಕೇಳಿರಿ! ಕಡಲಗಾಳಿಗೆ ಉರುಳಿದ ಇಗರ್ಜಿಯನ್ನು ದೊರೆಗಳು ಕೆಂಪುಗುಡ್ಡದ ಮೇಲೆ ಹೊಸದಾಗಿ ಕಟ್ಟಿಸುತ್ತಾರೆ. ಅವರ ಮೂರು ಒಗಟು ಬಿಡಿಸಿದವನಿಗೆ ಕಟ್ಟುವ ಕೆಲಸ, ಜೊತೆಗೆ ಕೇಳಿದ ಬಹುಮಾನ. ತಪ್ಪಿದವನಿಗೆ ಭಾನುವಾರದ ಪೂಜೆ ಮುಗಿದೊಡನೆ ಶಿರಚ್ಛೇದ!"

ಯೇಸುಸ್ವಾಮಿಯ ಮನೆ ಕಟ್ಟುವುದಕ್ಕೆ ತಲೆ ಕಡಿಯುವುದಂತೆ! ಡಂಗುರ ಸಾರಿದವನಿಗಾದರೂ ನಾಚಿಕೆಯಾಗಬೇಡವೇ? ಆಗಲಿಲ್ಲ. ಅದೇ ದಿನ ಗುಡ್ಡವನ್ನು ಅಗೆದು ಸಮತಟ್ಟು ಮಾಡಲು ಆನೆಗಳೂ ಹೊರಟವು.

ರಾಜಧಾನಿಯ ಇಬ್ಬರು ಶಿಲ್ಪಿಗಳು ಅಮೃತಶಿಲೆಯ ಗೋಪುರದ ನಕ್ಷೆ ಹಿಡಿದು ಬಂದರು.

"ಹುಟ್ಟುವಾಗ ಮೆತ್ತಗೆ, ಬಿಸಿಲು ಗಾಳಿ ತಿಂದಷ್ಟೂ ಗಟ್ಟಿ. ಏನದು?" ಎಂದು ದೊರೆ ಕೇಳಿದ.

"ಮನುಷ್ಯನ ಮನಸ್ಸು" ಎಂದ ಒಬ್ಬ. ಸೆರೆಗೆ ಹೋದ. "ಮಣ್ಣಿನ ಮಡಕೆ" ಎಂದ ಇನ್ನೊಬ್ಬ. "ಅದಕ್ಕೆ ಬೆಂಕಿ ಬೇಕಲ್ಲಯ್ಯಾ!" ಎಂದು ದೊರೆ ನಕ್ಕು ಅವನನ್ನೂ ಕಳಿಸಿದ.

ಗುಡ್ಡದಾಚೆಯ ಕೋರೆಯಲ್ಲಿ ಕಲ್ಲು ಕಡಿಯುವ ಲಾದ್ರು ಈ ಸುದ್ದಿ ಕೇಳಿ, ಮೈಮೇಲಿನ ಕೆಂಪು ಧೂಳನ್ನೂ ಕೊಡವದೆ ಆಸ್ಥಾನಕ್ಕೆ ನುಗ್ಗಿದ.

"ಅದು ಕೆಂಪುಕಲ್ಲು, ಒಡೆಯಾ. ನೆಲದಿಂದ ಎತ್ತಿದ ದಿನ ಕೊಡಲಿಯಲ್ಲೂ ಸೀಳಬಹುದು. ಒಂದು ಬೇಸಿಗೆ ಒಣಗಿಸಿಯೇ ನಾವು ಗೋಡೆ ಕಟ್ಟುವುದು."

"ಹೊಡೆಯುವವನಿಗೆ ದಾರಿ ಬಿಟ್ಟೇ ಗೆಲ್ಲುವವನು ಯಾರು?"

"ತೆಂಗಿನ ಗರಿ. ಸೀಳು ಸೀಳಾಗಿ ಉಂಟಲ್ಲ, ಗಾಳಿ ನಡುವಿನಿಂದ ಹೋಗ್ತದೆ. ಹಳೇ ಇಗರ್ಜಿ ಎದೆ ಕೊಟ್ಟು ನಿಂತಿತು, ಬಿತ್ತು. ಹೊಸ ಗೋಡೆಯಲ್ಲಿ ಗರಿಯ ಹಾಗೆ ಸಂದು ಬಿಡಬೇಕು."

"ಇಗರ್ಜಿಯಲ್ಲಿ ಯಾರೂ ಕಟ್ಟದೆ ನಿಂತದ್ದು, ಕಟ್ಟಿದ್ದೆಲ್ಲವನ್ನೂ ಹೊರುವುದು ಯಾವುದು?"

ಲಾದ್ರುವಿಗೆ ಸಿಟ್ಟು ನೆತ್ತಿಗೇರಿತು.

"ಗುಡ್ಡ! ಉತ್ತರ ನಿಮಗೆ ಗೊತ್ತಿತ್ತಲ್ಲ, ಒಡೆಯಾ? ಮತ್ತೆ ಅದನ್ನು ಅಗೆಯಲಿಕ್ಕೆ ಆನೆ ಕಳಿಸಿದ್ದು ಯಾಕೆ? ಗೊತ್ತಿಲ್ಲದ ಆ ಇಬ್ಬರ ತಲೆ ಹೋಗಬೇಕು. ಗೊತ್ತಿದ್ದೂ ಗುಡ್ಡ ಕೆಡವುವ ನಿಮಗೆ ಏನು ಶಿಕ್ಷೆ?"

"ಮೂರೂ ಸರಿ. ಬಹುಮಾನ ಕೇಳು" ಎಂದ ದೊರೆ.

"ಆ ಇಬ್ಬರು ನನಗೆ ಬೇಕು, ತಲೆಯ ಸಮೇತ. ಕಲ್ಲು ಹೊರಲಿಕ್ಕೆ ಜನ ಸಾಲದು. ಆನೆಗಳನ್ನು ಹಿಂದೆ ಕರೆಸಿ. ನಿಮ್ಮ ಶಿಕ್ಷೆ ಏನೂಂತ ಕೆಲಸ ಮುಗಿದ ಮೇಲೆ ಹೇಳ್ತೇನೆ."

ಶಿಲ್ಪಿಗಳು ನಕ್ಷೆ ಬಿಸಾಕಿ ಕಲ್ಲು ಹೊತ್ತರು. ಒಂದು ಬೇಸಿಗೆ ಕಲ್ಲು ಒಣಗಿತು. ಆಮೇಲೆ ಇಗರ್ಜಿ ಗುಡ್ಡದ ಇಳಿಜಾರನ್ನೇ ಅನುಸರಿಸಿ ಮೆಟ್ಟಿಲು ಮೆಟ್ಟಿಲಾಗಿ ಎದ್ದಿತು. ಗೋಡೆಯ ಸಂದುಗಳಲ್ಲಿ ಕಡಲಗಾಳಿ ಬಂದು ಹೋಗುತ್ತಿತ್ತು.

ಮೊದಲ ಪೂಜೆಗೆ ದೊರೆ ಬಂದಾಗ ಸಿಂಹಾಸನ ಇಡಲು ಅಲ್ಲಿ ಸಮತಟ್ಟು ಜಾಗವೇ ಇರಲಿಲ್ಲ. ಲಾದ್ರು ಬರಿಯ ಬಂಡೆ ತೋರಿಸಿದ.

"ಇದೇ ಶಿಕ್ಷೆ, ಒಡೆಯಾ. ಕೂತುಕೊಳ್ಳಿ. ನಾವೆಲ್ಲ ಇಲ್ಲಿಯೇ ಕೂತುಕೊಳ್ಳುವುದು."

ದೊರೆ ಕಿರೀಟ ತೆಗೆದು, ಗುಡ್ಡದ ಮೇಲೆ ಕೂತ.