ಸುಣ್ಣದಕ್ಕನ ಗುಡ್ಡ

ಹುರುಳಿಕುಂಟೆ ದಾಟಿ ಎರಡು ಮೈಲಿ ಹೋದರೆ ಎಡಕ್ಕೊಂದು ಗುಡ್ಡ ಸಿಗುತ್ತದೆ. ಸುತ್ತಲಿನ ಗುಡ್ಡಗಳಂತೆ ಇದೂ ಬೋಳು. ಬಂಡೆ, ಅಲ್ಲಲ್ಲಿ ಜಾಲಿ, ಕಾರೆಗಿಡ. ನಡುಮಟ್ಟದಲ್ಲಿ ಒಂದು ಬಂಡೆ ಹುಬ್ಬಿನಂತೆ ಮುಂದಕ್ಕೆ ಚಾಚಿದೆ. ಅದರ ಅಡಿಗೆಲ್ಲ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದಿದ್ದಾರೆ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದಲೇ ಕೈಮುಗಿಯುತ್ತಾರೆ. ಸುಣ್ಣದಕ್ಕ ಸುಣ್ಣ ಸುಡುವವರ ಮನೆದೇವರು ಎನ್ನುತ್ತಾರೆ ಕೆಲವರು. ಸುಣ್ಣದ ಹರಕೆ ಹೊತ್ತರೆ ಮೈಮೇಲಿನ ಗಂಧೆ ಹೋಗುತ್ತದೆ ಎನ್ನುತ್ತಾರೆ ಇನ್ನು ಕೆಲವರು. ವರ್ಷಕ್ಕೊಮ್ಮೆ ಅಲ್ಲಿ ಸುಣ್ಣ ಬಳಿಯುವ ಮುದುಕ ಚಿತ್ತಯ್ಯನವರು ಹೇಳುವುದು ಬೇರೆ. ಅವರಿಗೆ ಅದನ್ನು ಹೇಳಿದ್ದು ಅವರ ಅಜ್ಜಿ.

ಹಿಂದೆ, ಊರಿಗಿನ್ನೂ ಮಣ್ಣಿನ ಕೋಟೆಯಿದ್ದ ಕಾಲದಲ್ಲಿ, ಮಾಳಕ್ಕ ಎಂಬಾಕೆ ಆ ಬಂಡೆಯಡಿ ಒಬ್ಬಳೇ ಇದ್ದಳಂತೆ. ಮನೆಯವರು ಗಂಡು ಗೊತ್ತು ಮಾಡಿದಾಗ ಬೇಡವೆಂದು, ಎರಡು ಮೇಕೆ ಹೊಡೆದುಕೊಂಡು ಗುಡ್ಡ ಹತ್ತಿದವಳು ಮತ್ತೆ ಊರೊಳಗೆ ಮಲಗಲಿಲ್ಲ. ಹುಚ್ಚೆಳ್ಳು ಹೂಬಿಡುವ ಹೊತ್ತಿಗೆ ಪ್ರತಿವರ್ಷ ಬಂಡೆಯ ಹುಬ್ಬಿಗೆ ಹೆಜ್ಜೇನು ಬಂದು ಹುಟ್ಟು ಕಟ್ಟುತ್ತಿತ್ತು. ಆಕೆ ಅದರ ಕೆಳಗೇ ಮಲಗುತ್ತಿದ್ದಳು. ಹೊಗೆ ತಾಗಬಾರದೆಂದು ದೂರ ಇಳಿದು, ನೀರಿನ ದೊಣೆಯ ಹತ್ತಿರ ಒಲೆ ಹಚ್ಚುತ್ತಿದ್ದಳು. ಒಂದು ಹನಿ ಜೇನುತುಪ್ಪ ತೆಗೆದವಳಲ್ಲ, ತೆಗೆಯಲು ಬಿಟ್ಟವಳೂ ಅಲ್ಲ. ಸೌದೆಗೆ ಬಂದ ಹೆಂಗಸರು, "ಏನಕ್ಕ, ಬೀಗರು ಬಂದ್ರಾ ಈ ಸಲ?" ಎಂದು ಛೇಡಿಸುತ್ತಿದ್ದರು. "ಬಂದ್ರು. ನಿಮ್ಮ ಬೀಗರಂಗೆ ಕೋಳಿ ಕೇಳಲ್ಲ ಬಿಡ್ರೇ" ಎನ್ನುತ್ತಿದ್ದಳಂತೆ. ಆಕೆ ದಾರಿ ಕಾಯುತ್ತಿದ್ದುದು ಅವುಗಳದು ಮಾತ್ರ.

ಒಂದು ವರ್ಷ ಊರ ದನಗಳಿಗೆಲ್ಲ ಹೊಟ್ಟೆ ಉಬ್ಬಿ, ದಿನಕ್ಕೆರಡು ಮೂರು ಸಾಯತೊಡಗಿದವು. ಮಾಳಕ್ಕ ಗುಡ್ಡದಿಂದ ಒಂದು ಸೊಪ್ಪು ತಂದು, ಅರೆದು ಕುಡಿಸಿ ಉಳಿದವನ್ನು ಉಳಿಸಿದಳು. ಊರ ಗೌಡ ಕೈಮುಗಿದು, "ಏನು ಬೇಕು ಕೇಳಕ್ಕ" ಎಂದ. "ಏನೂ ಬೇಡ ಕಣಪ್ಪ" ಎಂದಳು. ನಮ್ಮ ಕಡೆ ಮೊದಲ ಸಲಕ್ಕೆ ಬೇಕು ಎನ್ನುವವರುಂಟೆ? ಬೇಡ ಎಂದದ್ದನ್ನು ಗೌಡ ಮರ್ಯಾದೆಯ ಮಾತು ಎಂದುಕೊಂಡ. ಒಡಹುಟ್ಟಿದ ಅಕ್ಕ ತೀರಿಕೊಂಡಳೆಂದು ಮಾಳಕ್ಕ ಹನ್ನೆರಡು ದಿನ ಪರಸ್ಥಳಕ್ಕೆ ಹೋದಾಗ ಊರಿಗೆ ಊರೇ ಗುಡ್ಡ ಹತ್ತಿತು. ಅಟ್ಟಣಿಗೆ ಕಟ್ಟಿ, ಹಳೆಯ ಹುಟ್ಟುಗಳ ಕಪ್ಪು ಮೇಣವನ್ನೆಲ್ಲ ಕೊಳೆಯೆಂದು ಹೆರೆದು, ಮೂರು ಸಲ ಸುಣ್ಣ ಬಳಿದರು. ಕೆಮ್ಮಣ್ಣಿನ ಪಟ್ಟೆ ಎಳೆದರು. ಹೆಂಗಸರು ರಂಗೋಲಿ ಹಾಕಿದರು. ಯಾರೂ ಕೂಲಿ ಕೇಳಲಿಲ್ಲ.

ಆಕೆ ಬಂದು ನೋಡಿದಳು. "ಹೆಂಗೈತಕ್ಕ?" ಎಂದ ಗೌಡ.

"ಬೆಳ್ಳಗೈತೆ" ಎಂದಳು.

ಅಕ್ಕನಿಗೆ ಹಿಡಿಸಿತು ಎಂದು ಗೌಡ ಊರೆಲ್ಲ ಹೇಳಿಕೊಂಡು ಬಂದ. ಹುಚ್ಚೆಳ್ಳು ಹೂವಾಯಿತು. ಒಂದು ಮಧ್ಯಾಹ್ನ ಹೆಜ್ಜೇನು ಬಂತು. ಬಂಡೆಯ ಮುಂದೆ ಸುತ್ತಿತು, ಎಲ್ಲೂ ಕೂರಲಿಲ್ಲ, ಗುಡ್ಡದ ನೆತ್ತಿ ದಾಟಿ ಹೋಯಿತು. ಮಾಳಕ್ಕ ಕೂತಲ್ಲೇ ಕೂತಿದ್ದಳು. ಬೀಗರು ಬರಲಿಲ್ಲವೇ ಎಂದವರಿಗೆ, "ಬಂದಿದ್ರು. ಹೋದ್ರು" ಎಂದಳು. ಅಳಲಿಲ್ಲ, ಬೈಯಲಿಲ್ಲ. ಹೊತ್ತಿಗೆ ಸರಿಯಾಗಿ ಮುದ್ದೆ ಉಂಡಳು. ನಾಲ್ಕನೆಯ ದಿನ ಬೆಳಿಗ್ಗೆ ಮೇಕೆಗಳನ್ನು ಹೊಡೆದುಕೊಂಡು ತಾನೂ ನೆತ್ತಿ ದಾಟಿದಳು. ಅಕ್ಕ ಬಂಡೆಯಲ್ಲಿ ಐಕ್ಯಳಾದಳು ಎಂದು ಊರವರು ಹೂವಿಟ್ಟರು. ಸುಣ್ಣ ಒಪ್ಪಿಸಿಕೊಂಡವಳೆಂದು ಸುಣ್ಣದಕ್ಕ ಎಂದು ಕರೆದರು. ಮಾಳಕ್ಕ ಎಂದು ಕೂಗಿ ಗೊತ್ತಿದ್ದವರು ಒಬ್ಬೊಬ್ಬರಾಗಿ ತೀರಿಹೋದರು.

ಈಗ ಹೋದವರಿಗೆ ಅಲ್ಲಿ ಬೆರಳುದಪ್ಪದ ಸುಣ್ಣದ ಚಕ್ಕೆಗಳು ಕಾಲಿಗೆ ಸಿಗುತ್ತವೆ. ಬಂಡೆಯ ಮೇಲೆ ಒಂದು ನೊಣವೂ ಕೂರುವುದಿಲ್ಲ, ಅಕ್ಕನ ಮಹಿಮೆ ಎನ್ನುತ್ತಾರೆ ಭಕ್ತರು. ಮಾಳಕ್ಕ ಆಮೇಲೆ ಇದ್ದ ಬಂಡೆ ನೆತ್ತಿಯಾಚೆ ಇದೆ, ಈಗಲೂ ಅಲ್ಲಿ ಹುಟ್ಟು ಕಟ್ಟುತ್ತವೆ ಎಂದರು ಚಿತ್ತಯ್ಯ. ತೋರಿಸಿ ಎಂದು ನಾನು ಕೇಳಿದರೆ ತೋರಿಸಲಿಲ್ಲ. ಎಲ್ಲ ಗೊತ್ತಿದ್ದೂ ಏಕೆ ಬಳಿಯುತ್ತೀರಿ ಎಂದು ಕೇಳಿದ್ದಕ್ಕೆ, ಕುಂಚವನ್ನು ಬಕೀಟಿನಲ್ಲಿ ಅದ್ದುತ್ತ ಹೇಳಿದರು:

"ಇದು ಬೆಳ್ಳಗಿರೋಗಂಟ ಜನ ಇಲ್ಲೇ ನಿಲ್ತಾರೆ ಕಣವ್ವ. ಆಚೆಗೆ ಹೋಗಲ್ಲ."