ಕೊಟ್ಟ ಹಾಗೇ ವಾಪಸ್

ಹಾಸನದ ಕಡೆ ನಂಜೇಗೌಡರು ಅಂತ ಒಬ್ಬರಿದ್ದರು. ಅವರ ಹೊಲವನ್ನು ದ್ಯಾವಮ್ಮ ಗುತ್ತಿಗೆಗೆ ಮಾಡುತ್ತಿದ್ದಳು. ಹೊಲ ಕೊಡುವಾಗ ಗೌಡರು ನಾಲ್ಕು ಜನರ ಮುಂದೆ ಹೇಳಿದ್ದರು, "ಕೇಳಿದಾಗ ಕೊಟ್ಟ ಹಾಗೇ ವಾಪಸ್ ಕೊಡಬೇಕು."

ದ್ಯಾವಮ್ಮ ವರ್ಷವರ್ಷವೂ ಕೊಟ್ಟಿಗೆ ಗೊಬ್ಬರ ಹೊತ್ತು ಹಾಕಿದಳು. ಆ ಸಲ ಆಲೂಗಡ್ಡೆ ಮುಷ್ಟಿ ಗಾತ್ರ ಬಂತು. ಗೌಡರಿಗೆ ಆಸೆಯೂ ಬಂತು. ಗೆಡ್ಡೆ ಕೀಳುವ ದಿನವೇ ಬದುವಿನ ಮೇಲೆ ನಿಂತು, ಆಳುಗಳೆಲ್ಲ ಕೇಳುವಂತೆ, "ಹೊಲ ಬಿಡು ದ್ಯಾವಮ್ಮ. ಕೊಟ್ಟ ಹಾಗೇ ಕೊಡಬೇಕು, ನೆನಪಿದೆ ತಾನೆ?" ಅಂದರು.

ದ್ಯಾವಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಆಯ್ತು ಗೌಡ್ರೇ. ಸ್ವಲ್ಪ ಟೈಮ್ ಬೇಕು."

"ಎಷ್ಟು?"

"ಹದಿನೈದು ವರ್ಷ."

"ತಮಾಷೆ ಮಾಡ್ತೀಯಾ?"

"ಇಲ್ಲ ಗೌಡ್ರೇ. ನೀವು ಕೊಟ್ಟಾಗ ಈ ಮಣ್ಣು ಇಟ್ಟಿಗೆ ಥರ ಇತ್ತು. ಗೆಡ್ಡೆ ಗೋಲಿ ಗಾತ್ರ ಬರ್ತಿತ್ತು. ಸಗಣಿ ಸೋಕಿಸದೆ ಬರೀ ಮೂಟೆ ಗೊಬ್ಬರ ಸುರಿದು ಹಾಗೆ ಮಾಡೋಕೆ ನಿಮಗೇ ಹದಿನೈದು ವರ್ಷ ಹಿಡೀತು. ನಿಮಗಿಂತ ಬೇಗ ಕೆಡಿಸೋದು ನನ್ನ ಕೈಲಾಗುತ್ತಾ?"

ಆಳುಗಳು ತಲೆ ಬಗ್ಗಿಸಿ ಗೆಡ್ಡೆ ಆರಿಸುತ್ತಲೇ ಇದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಗೌಡರಿಗೆ ಬೈಯುವುದಕ್ಕಾದರೂ ಒಂದು ದಾರಿ ಇರುತ್ತಿತ್ತು.

ಅವರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು. ಅದು ಪುಡಿಪುಡಿಯಾಗಿ ಬೆರಳ ಸಂದಿಯಿಂದ ಉದುರಿತು. ಅವರ ಅಪ್ಪ ಉಳುತ್ತಿದ್ದ ಕಾಲದಲ್ಲಿ ಹೀಗೇ ಇತ್ತು. ಗೌಡರಿಗೆ ಮುಖ ಎತ್ತಲಾಗಲಿಲ್ಲ.

"ಇದನ್ನ ನೀನೇ ಇಟ್ಕೊ," ಅಂದರು ಮೆಲ್ಲಗೆ. "ಪಕ್ಕದ ಹೊಲಾನೂ ನೀನೇ ಮಾಡು. ಇದನ್ನ ಕೊಟ್ಟಾಗ ಹೇಗಿತ್ತೋ, ಅದು ಇನ್ನೂ ಹಾಗೇ ಇದೆ."